ಅಡುಗೆಮನೆಯಲ್ಲಿ ಉಳಿದ ಪದ

ದೆಹಲಿಗೆ ಬಂದು ಹನ್ನೊಂದು ವರ್ಷವಾದರೂ ತರಕಾರಿ ಗಾಡಿಯ ಮುಂದೆ ನಾನಿನ್ನೂ ಹೊಸಬಳೇ. ಏಪ್ರಿಲ್ ಬಂತೆಂದರೆ ನಮ್ಮ ಗಲ್ಲಿಯ ಗಾಡಿಯಲ್ಲಿ ಸೌತೆಕಾಯಿ, ಹೀರೆಕಾಯಿ, ಟಿಂಡಾಗಳ ನಡುವೆ ಹಸಿರು, ಹಳದಿ ಬಣ್ಣದ ಒಂದು ನುಣುಪು ಕಾಯಿ ಕಾಣಿಸಿಕೊಳ್ಳುತ್ತದೆ. ಗಾಡಿಯ ಭಯ್ಯಾ ಅದನ್ನು ಛಪ್ಪನ್ ಕದ್ದು ಎನ್ನುತ್ತಾನೆ. ಅದರದೇ ಬಳಗದ ಇನ್ನೊಂದು ಕಾಯಿ ಐಎನ್ಎ ಮಾರ್ಕೆಟ್ಟಿನಲ್ಲಿ ಪ್ಲಾಸ್ಟಿಕ್ ಹೊದ್ದುಕೊಂಡು ಜುಕಿನಿ ಎಂಬ ಹೆಸರಿನಲ್ಲಿ, ಹೆಸರಿಗೆ ತಕ್ಕ ಬೆಲೆಯಲ್ಲಿ ಕೂತಿರುತ್ತದೆ. ಇಂಗ್ಲಿಷಿನವರು ಇವೆಲ್ಲವನ್ನೂ ಸೇರಿಸಿ ಸಮ್ಮರ್ ಸ್ಕ್ವಾಶ್ ಎನ್ನುತ್ತಾರೆ. ಸ್ಕ್ವಾಶ್ ಎಂದಕೂಡಲೇ ನಮಗೆ ನೆನಪಾಗುವುದು ಬಾಟಲಿಯಲ್ಲಿ ಬರುವ ಕಿತ್ತಳೆ ಪಾನಕ ಅಥವಾ ಗೋಡೆಗೆ ಚೆಂಡು ಹೊಡೆಯುವ ಆಟ. ಈ ಸ್ಕ್ವಾಶ್ ಅದಲ್ಲ.

ಲಾಕ್‌ಡೌನಿನಲ್ಲಿ ಕೇಕು ಮಾಡುವ ಹುಚ್ಚಿಗೆ ಕೊಂಡ ಒಟಿಜಿ ಮೂಲೆಯಲ್ಲಿತ್ತು. ಆಫೀಸಿನ ಗೆಳತಿಯೊಬ್ಬಳು ಈ ಕಾಯಿಯನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ, ಮೇಲೆ ಚೀಸು ತುರಿದು ಬೇಕ್ ಮಾಡಿದರೆ ಆಯಿತು, ಊಟಕ್ಕೆ ನೆಂಚಿಕೊಳ್ಳಲು ಬಲು ಚೆಂದ ಎಂದಳು. ಮಾಡಿದೆ. ಮೊದಲ ಸಲ ಚೀಸು ನೀರಿನಲ್ಲಿ ಈಜಾಡುತ್ತಿತ್ತು. ಆದರೂ ಎಂಟು ವರ್ಷದ ಮಗಳು ತಿಂದಳು. ತಿನ್ನುತ್ತಾ ಕೇಳಿದಳು: "ಅಮ್ಮಾ, ಇಸ್ಕೋ ಕನ್ನಡ ಮೇ ಕ್ಯಾ ಬೋಲ್ತೇ ಹೈಂ?"

ನನಗೆ ಗೊತ್ತಿರಲಿಲ್ಲ. ಸಾಗರದ ಹತ್ತಿರದ ನಮ್ಮೂರಿಗೆ ವಿಡಿಯೋ ಕರೆ ಮಾಡಿ, ಉಳಿದಿದ್ದ ಒಂದು ಕಾಯನ್ನು ಅಮ್ಮನಿಗೆ ತೋರಿಸಿದೆವು. ಅಮ್ಮ ಕನ್ನಡಕ ಏರಿಸಿ ನೋಡಿ, "ಎಂಥದೇ ಅದು, ಎಳೇ ಚೀನಿಕಾಯಿ ಥರ ಉಂಟಲ್ಲ?" ಎಂದರು. ನಮ್ಮ ಕಡೆ ಚೀನಿಕಾಯಿ ಎಂದರೆ ಸಿಹಿಗುಂಬಳ. ಮಗಳು 'ಎಳೇ' ಎಂದರೇನು ಎಂದು ಕೇಳಿದಳು. ಹಿಂದಿಯಲ್ಲಿ ವಿವರಿಸುವಷ್ಟರಲ್ಲಿ ಅವಳ ಗಮನ ಬೇರೆಡೆ ಹೋಗಿತ್ತು.

ಅವತ್ತು ರಾತ್ರಿ ಪಾತ್ರೆ ತೊಳೆಯುತ್ತಾ ನನ್ನಷ್ಟಕ್ಕೆ ಒಂದು ಲೆಕ್ಕ ಹಾಕಿದೆ. ಮಗಳ ಬಾಯಲ್ಲಿ ತಾನಾಗಿ ಬರುವ ಕನ್ನಡ ಪದಗಳು ಯಾವುವು? ಅನ್ನ, ಸಾರು, ಮಜ್ಜಿಗೆ, ಬಿಸಿ, ಖಾರ, ಸಾಕು, ಇನ್ನೊಂಚೂರು. ಅವಳಪ್ಪ ಹಿಂದಿಯವರು, ಶಾಲೆ ಇಂಗ್ಲಿಷಿನದು, ಗೆಳತಿಯರು ಇಲ್ಲಿಯವರು. ಕನ್ನಡ ಉಳಿದಿರುವುದು ಅಡುಗೆಮನೆಯ ಬಾಗಿಲಿನಿಂದ ಊಟದ ಮೇಜಿನ ತನಕ ಮಾತ್ರ. ಇದೇ ಹೊತ್ತಿನಲ್ಲಿ ಸ್ಕ್ವಾಶ್ ಎಂಬ ಪದದ ಮೂಲ ಹುಡುಕಹೋಗಿ ಒಂದು ದೊಡ್ಡ ಚರಿತ್ರೆಯೊಳಗೆ ಸಿಕ್ಕಿಕೊಂಡೆ. ಆ ಚರಿತ್ರೆಯೂ ಹೀಗೆಯೇ ಅಡುಗೆಮನೆಯಲ್ಲಿ ಉಳಿದ ಒಂದು ಪದದ ಕಥೆಯಾಗಿತ್ತು.

*

ಮೊದಲು ಕಾಯಿಯ ಕಥೆ. ನಾವು ತಿನ್ನುವ ಸೌತೆ, ಸೋರೆ, ಹೀರೆ, ಹಾಗಲ, ಬೂದುಗುಂಬಳಗಳೆಲ್ಲ ಹಳೆಯ ಜಗತ್ತಿನವು. ಸಿಹಿಗುಂಬಳ ಮತ್ತು ಈ ಸ್ಕ್ವಾಶ್ ಅದೇ ಕುಟುಂಬಕ್ಕೆ ಸೇರಿದರೂ ಅಮೆರಿಕ ಖಂಡಗಳವು. ಕೊಲಂಬಸ್ 1492ರಲ್ಲಿ ಅಲ್ಲಿಗೆ ತಲುಪುವ ಮೊದಲು ಯುರೋಪಾಗಲಿ ಭಾರತವಾಗಲಿ ಇವನ್ನು ಕಂಡಿರಲಿಲ್ಲ.

ದಕ್ಷಿಣ ಮೆಕ್ಸಿಕೋದ ಒಹಾಕಾ ಕಣಿವೆಯಲ್ಲಿ ಗಿಲಾ ನಾಕಿಟ್ಸ್ ಎಂಬ ಸಣ್ಣ ಗುಹೆಯಿದೆ. 1966ರಲ್ಲಿ ಪುರಾತತ್ವಜ್ಞ ಕೆಂಟ್ ಫ್ಲ್ಯಾನರಿ ಅದನ್ನು ಅಗೆಸಿದಾಗ ಸಿಕ್ಕಿದ ವಸ್ತುಗಳಲ್ಲಿ ಸ್ಕ್ವಾಶಿನ ಬೀಜ, ತೊಟ್ಟು, ಸಿಪ್ಪೆಗಳಿದ್ದವು. 1997ರಲ್ಲಿ ಬ್ರೂಸ್ ಸ್ಮಿತ್ ಎಂಬ ವಿಜ್ಞಾನಿ ಆ ಬೀಜಗಳ ವಯಸ್ಸನ್ನೇ ನೇರವಾಗಿ ಅಳೆದು, ಅವುಗಳಲ್ಲಿ ಕೆಲವು ಸುಮಾರು 10,000 ವರ್ಷ ಹಳೆಯವು ಎಂದು ತೋರಿಸಿದರು. ಕಾಡುಬಳ್ಳಿಯ ಬೀಜಕ್ಕಿಂತ ಅವು ದೊಡ್ಡವಾಗಿದ್ದವು, ಅಂದರೆ ಮನುಷ್ಯರು ಆರಿಸಿ ಬಿತ್ತಿ ಬೆಳೆದವು. ಆ ಸೀಮೆಯಲ್ಲಿ ಮೆಕ್ಕೆಜೋಳ, ಹುರುಳಿ ಜಾತಿಯ ಕಾಳುಗಳಿಗಿಂತ ಸಾವಿರಾರು ವರ್ಷ ಮೊದಲೇ ಈ ಬಳ್ಳಿ ಮನುಷ್ಯರ ಹಿತ್ತಿಲಿಗೆ ಬಂದಿತ್ತು.

ಕಾಡಿನ ಕಾಯಿ ಟೆನಿಸ್ ಚೆಂಡಿನಷ್ಟು ಸಣ್ಣದು, ಕಟುವಾದ ಕಹಿ. ಆ ಕಹಿ ಸಣ್ಣ ಪ್ರಾಣಿಗಳನ್ನು ದೂರವಿಡುತ್ತಿತ್ತು. ಆನೆಯ ದೂರದ ಬಂಧುಗಳಾದ ಮ್ಯಾಸ್ಟೊಡಾನ್‌ಗಳು ಮಾತ್ರ ಅದನ್ನು ನುಂಗಿ, ಲದ್ದಿಯ ಜತೆ ಬೀಜ ಹರಡುತ್ತಿದ್ದವು. ಅವುಗಳ ಹಳೆಯ ಲದ್ದಿಯಲ್ಲಿ ಈ ಬೀಜಗಳು ಸಿಕ್ಕಿವೆ. ಆ ದೈತ್ಯ ಪ್ರಾಣಿಗಳು ಅಳಿದಮೇಲೆ ಬಳ್ಳಿಗೆ ಆಸರೆಯಾದದ್ದು ಮನುಷ್ಯ. ಮೊದಮೊದಲು ಜನ ಬೀಜಕ್ಕಾಗಿಯೋ, ಒಣಗಿದ ಬುರುಡೆಯನ್ನು ಪಾತ್ರೆಯಾಗಿ ಬಳಸಲೋ ಇದನ್ನು ಬೆಳೆದಿರಬೇಕು. ತಲೆಮಾರುಗಟ್ಟಲೆ ರುಚಿ ನೋಡಿ, ಕಹಿ ಕಡಿಮೆಯಿದ್ದ ಬಳ್ಳಿಯ ಬೀಜವನ್ನೇ ಎತ್ತಿಟ್ಟು, ಕೊನೆಗೆ ತಿರುಳನ್ನೂ ತಿನ್ನುವಂತಾಯಿತು. ನಮ್ಮ ಅಮ್ಮಂದಿರು ಸೌತೆಕಾಯಿಯ ತುದಿ ಕತ್ತರಿಸಿ, ಉಜ್ಜಿ, ಒಂದು ಬಿಲ್ಲೆ ಬಾಯಿಗೆ ಹಾಕಿಕೊಂಡು 'ಕಹಿಯಿಲ್ಲ' ಎಂದು ತೀರ್ಪು ಕೊಡುವುದು ಇದೇ ಪರೀಕ್ಷೆಯ ಮುಂದುವರಿಕೆ. ಎರಡರಲ್ಲೂ ಇರುವುದು ಒಂದೇ ಬಗೆಯ ಕಹಿ ಪದಾರ್ಥ.

ಮೆಕ್ಸಿಕೋದಿಂದ ದೂರದಲ್ಲಿ, ಈಗಿನ ಅಮೆರಿಕ ಸಂಯುಕ್ತ ಸಂಸ್ಥಾನದ ಪೂರ್ವ ಭಾಗದಲ್ಲಿ, ಅಲ್ಲಿನ ಮೂಲನಿವಾಸಿಗಳು ಇದೇ ಜಾತಿಯ ಕಾಡುಬಳ್ಳಿಯನ್ನು ಸ್ವತಂತ್ರವಾಗಿ ಪಳಗಿಸಿದರು. ಮಿಸೌರಿಯ ಫಿಲಿಪ್ಸ್ ಸ್ಪ್ರಿಂಗ್ ಎಂಬಲ್ಲಿ ಸುಮಾರು 5,000 ವರ್ಷ ಹಿಂದಿನ ಬೀಜಗಳು ಸಿಕ್ಕಿವೆ. ಕತ್ತು ಬಾಗಿದ ಹಳದಿ ಸ್ಕ್ವಾಶ್, ತಟ್ಟೆಯಾಕಾರದ ಪ್ಯಾಟಿಪ್ಯಾನ್ ಈ ಪೂರ್ವದ ಕವಲಿಗೆ ಸೇರಿದವು. ಜುಕಿನಿ ಮೆಕ್ಸಿಕೋ ಕವಲಿನದು. ಅದರ ಬೀಜ ಯುರೋಪಿಗೆ ಹೋಗಿ, 19ನೇ ಶತಮಾನದ ಮಿಲಾನ್ ಸುತ್ತಮುತ್ತಲಿನ ತೋಟಗಳಲ್ಲಿ ಈಗಿನ ರೂಪ ಪಡೆಯಿತು. 20ನೇ ಶತಮಾನದ ಮೊದಲ ದಶಕಗಳಲ್ಲಿ ಇಟಲಿಯಿಂದ ಹೊಟ್ಟೆಪಾಡಿಗೆ ವಲಸೆ ಹೋದವರು ಅದನ್ನು ಅಮೆರಿಕಕ್ಕೆ ಕೊಂಡೊಯ್ದರು. ತವರಿಗೆ ಮರಳಿದಾಗ ಅದಕ್ಕೆ ಇಟಲಿಯ ಹೆಸರಿತ್ತು. ಊರು ಬಿಟ್ಟವರು ಊರಿಗೆ ಹೋದಾಗ ಆಗುವುದೂ ಬಹುಮಟ್ಟಿಗೆ ಇದೇ.

*

ಇನ್ನು ಹೆಸರಿನ ಕಥೆ. ರೋಜರ್ ವಿಲಿಯಮ್ಸ್ ಎಂಬ ಇಂಗ್ಲಿಷ್ ಪಾದ್ರಿ ಧರ್ಮದ ವಿಷಯದಲ್ಲಿ ಮ್ಯಾಸಚೂಸೆಟ್ಸ್ ವಸಾಹತಿನವರ ಜತೆ ಜಗಳವಾಗಿ ಗಡೀಪಾರಾದ. ಅವನಿಗೆ ನೆಲೆ ಕೊಟ್ಟವರು ನಾರಗಾನ್ಸೆಟ್ ಜನ. ಅವರ ನೆಲದಲ್ಲಿ 1636ರಲ್ಲಿ ಅವನು ಪ್ರಾವಿಡೆನ್ಸ್ ಊರನ್ನು ಕಟ್ಟಿದ. ಈಗ ಅದು ರೋಡ್ ಐಲೆಂಡ್ ರಾಜ್ಯದ ರಾಜಧಾನಿ. ಅವರ ಭಾಷೆ ಕಲಿತು 1643ರಲ್ಲಿ ಲಂಡನ್ನಿನಲ್ಲಿ ಒಂದು ಪುಸ್ತಕ ಅಚ್ಚು ಹಾಕಿಸಿದ. ಅಮೆರಿಕದ ಭಾಷೆಗೆ ಬೀಗದ ಕೈ ಎಂಬ ಅರ್ಥದ ಹೆಸರು ಅದಕ್ಕೆ. ಮಾತುಕತೆಯ ಪದಗಳನ್ನು ವಿಷಯವಾರು ಜೋಡಿಸಿದ ಆ ಪುಸ್ತಕದಲ್ಲಿ 'ಅಸ್ಕುಟಾಸ್ಕ್ವಾಶ್' ಎಂಬ ಪದವಿದೆ. ಬಳ್ಳಿಯಲ್ಲಿ ಬಿಡುವ, ಬಗೆಬಗೆಯ ಬಣ್ಣದ ಒಂದು ಕಾಯಿ, ಇಂಗ್ಲಿಷಿನವರು ಇದನ್ನೇ ಸ್ಕ್ವಾಶ್ ಎನ್ನುತ್ತಾರೆ ಎಂದು ಅವನ ವಿವರಣೆ. ಹೀರೆಕಾಯಿಯ ತೊಟ್ಟು ತೆಗೆದ ಹಾಗೆ ಪದದ ಮುಂಭಾಗ ಕತ್ತರಿಸಿ ಬಾಲವನ್ನಷ್ಟೇ ಇಟ್ಟುಕೊಂಡಿದ್ದರು.

ಆ ಪದವನ್ನು ಬಿಡಿಸಿದ ಭಾಷಾಶಾಸ್ತ್ರಜ್ಞರು ಕೊಡುವ ಅರ್ಥ ಓದಿ ನಾನು ಸುಮ್ಮನೆ ಕೂತುಬಿಟ್ಟೆ. ಬಲಿಯುವ ಮೊದಲೇ, ಹಸಿಯಾಗಿ ತಿನ್ನುವಂಥವು ಎಂದು ಅದರ ಅರ್ಥ. ಕೊನೆಯ 'ಅಶ್' ನಮ್ಮ 'ಗಳು' ಇದ್ದಂತೆ, ಬಹುವಚನದ ಪ್ರತ್ಯಯ. ಅದು ಗೊತ್ತಿಲ್ಲದೆ ಇಂಗ್ಲಿಷಿನವರು ಮತ್ತೊಂದು ಬಹುವಚನ ಸೇರಿಸಿ ಸ್ಕ್ವಾಶಸ್ ಎಂದರು, ನಾವು ಲೇಡೀಸುಗಳು ಎನ್ನುವುದಿಲ್ಲವೇ ಹಾಗೆ. ಬಲಿಯುವ ಮೊದಲೇ ತಿನ್ನುವಂಥವು ಎಂಬುದನ್ನು ಕನ್ನಡದಲ್ಲಿ ಒಂದೇ ಮಾತಿನಲ್ಲಿ ಹೇಳಬೇಕಾದರೆ ಏನೆನ್ನುತ್ತೀರಿ? ಎಳೆಗಾಯಿ. ಸಾಗರದ ಅಡುಗೆಮನೆಯಿಂದ ಮೊಬೈಲಿನಲ್ಲಿ ಇಣುಕಿ ಅಮ್ಮ ಹೇಳಿದ್ದೂ ಅದನ್ನೇ. ಇಂಗ್ಲಿಷಿನ ಸಮ್ಮರ್ ಮತ್ತು ವಿಂಟರ್ ಸ್ಕ್ವಾಶ್ ಎಂಬ ವಿಂಗಡಣೆಯೂ ಕಾಯಿ ಬೆಳೆಯುವ ಋತುವಿನದಲ್ಲ. ಎಳೆಯದಿದ್ದಾಗ ಸಿಪ್ಪೆ, ಬೀಜ ಸಮೇತ ತಿನ್ನುವುದು ಸಮ್ಮರ್. ಬಲಿತು ಸಿಪ್ಪೆ ಗಟ್ಟಿಯಾಗಿ, ಅಟ್ಟದಲ್ಲಿಟ್ಟು ಚಳಿಗಾಲದ ತನಕ ತಿನ್ನುವುದು ವಿಂಟರ್. ಎಳಸು ಮತ್ತು ಬಲಿತದ್ದು ಎಂದರೆ ನಮಗೆ ಮುಗಿಯಿತು.

ಪದ ಕೊಟ್ಟವರ ಗತಿ ಏನಾಯಿತು? 1675ರಲ್ಲಿ ವಸಾಹತುಗಾರರಿಗೂ ಅಲ್ಲಿನ ಮೂಲನಿವಾಸಿಗಳಿಗೂ ಯುದ್ಧ ಹತ್ತಿಕೊಂಡಿತು. ಆ ಡಿಸೆಂಬರ್ 19ರಂದು, ಹಿಮದ ನಡುವೆ, ವಸಾಹತುಗಳ ಸೈನ್ಯ ಗ್ರೇಟ್ ಸ್ವಾಂಪ್ ಎಂಬ ಜೌಗಿನ ಮಧ್ಯೆ ನಾರಗಾನ್ಸೆಟ್ ಜನ ಚಳಿಗಾಲಕ್ಕೆ ಆಸರೆ ಪಡೆದಿದ್ದ ಕೋಟೆಗೆ ಬೆಂಕಿಯಿಟ್ಟಿತು. ಹೆಂಗಸರು, ಮಕ್ಕಳು, ಮುದುಕರು ಸೇರಿ ನೂರಾರು ಜನ ಸತ್ತರು. ಚಳಿಗಾಲಕ್ಕೆಂದು ಕೂಡಿಟ್ಟಿದ್ದ ದವಸವೂ ಸುಟ್ಟುಹೋಯಿತು. ಮರುವರ್ಷ ಮೂಲನಿವಾಸಿಗಳು ಪ್ರಾವಿಡೆನ್ಸನ್ನು ಸುಟ್ಟರು. ಯುದ್ಧ ಮುಗಿಯುವಷ್ಟರಲ್ಲಿ ಸೋತವರಲ್ಲಿ ಅನೇಕರನ್ನು ಕೆರಿಬಿಯನ್ ದ್ವೀಪಗಳಿಗೆ ಗುಲಾಮರಾಗಿ ಮಾರಲಾಗಿತ್ತು. ಉಳಿದವರು ಉಳಿದರು, ಆದರೆ 19ನೇ ಶತಮಾನ ಕಳೆಯುವಷ್ಟರಲ್ಲಿ ಅವರ ಭಾಷೆ ದಿನಬಳಕೆಯಿಂದ ಮರೆಯಾಯಿತು. 1880ರಲ್ಲಿ ರೋಡ್ ಐಲೆಂಡ್ ಸರ್ಕಾರ ನಾರಗಾನ್ಸೆಟ್ ಎಂಬ ಬುಡಕಟ್ಟೇ ಇನ್ನಿಲ್ಲವೆಂದು ಕಾಗದದಲ್ಲಿ ಬರೆದು ಅವರ ನೆಲ ಕೊಂಡಿತು. ತಾವು ಇದ್ದೇವೆ ಎಂಬುದನ್ನು ಅವರು ಕೇಂದ್ರ ಸರ್ಕಾರದಿಂದ ಒಪ್ಪಿಸಿಕೊಂಡದ್ದು 1983ರಲ್ಲಿ. ಅಷ್ಟು ದಿನವೂ ಅಮೆರಿಕದ ಮನೆಮನೆಯಲ್ಲಿ ಅವರ ಭಾಷೆಯ ಒಂದು ಬಾಲ ತಟ್ಟೆಗೆ ಬಡಿಸಿಕೊಳ್ಳುತ್ತಲೇ ಇತ್ತು.

*

ಪದಕ್ಕೆ ಆದದ್ದೇ ನೆಲಕ್ಕೂ ಆಯಿತು. ಈಗಿನ ನ್ಯೂಯಾರ್ಕ್ ರಾಜ್ಯದಲ್ಲಿ ಹೌಡೆನೊಸೌನಿ ಎಂಬ ಆರು ಜನಾಂಗಗಳ ಒಕ್ಕೂಟವಿತ್ತು. ಮೆಕ್ಕೆಜೋಳ, ಹುರುಳಿ, ಸ್ಕ್ವಾಶ್ ಮೂರನ್ನೂ ಒಂದೇ ಗುಡ್ಡೆಯಲ್ಲಿ ಬಿತ್ತುವುದು ಅವರ ಪದ್ಧತಿ. ಜೋಳದ ದಂಟಿಗೆ ಹುರುಳಿ ಹಬ್ಬುತ್ತದೆ, ಹುರುಳಿ ನೆಲಕ್ಕೆ ಸಾರಜನಕ ಕೊಡುತ್ತದೆ, ಸ್ಕ್ವಾಶಿನ ಅಗಲ ಎಲೆ ನೆಲ ಮುಚ್ಚಿ ಕಳೆಯನ್ನೂ ಬಿಸಿಲನ್ನೂ ತಡೆಯುತ್ತದೆ. ಮೂವರು ಅಕ್ಕತಂಗಿಯರು ಎಂದು ಅವರು ಇವನ್ನು ಕರೆಯುತ್ತಾರೆ. ಹಳೇ ಮೈಸೂರು ಕಡೆ ರಾಗಿ ಹೊಲದಲ್ಲಿ ಅವರೆ, ತೊಗರಿಯ ಅಕ್ಕಡಿ ಸಾಲು ನೋಡಿದವರಿಗೆ ಇದರ ಜಾಣ್ಮೆ ಬಿಡಿಸಿ ಹೇಳಬೇಕಿಲ್ಲ. ಬೇಸಾಯ ಬಹುಪಾಲು ಹೆಂಗಸರದು, ಹೊಲವೂ ಹೆಂಗಸರದೇ.

ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದಲ್ಲಿ ಒಕ್ಕೂಟ ಒಡೆಯಿತು. ಹೆಚ್ಚಿನವರು ಬ್ರಿಟಿಷರ ಕಡೆ ನಿಂತರು, ಒನೈಡಾ ಜನ ಅಮೆರಿಕನ್ನರ ಕಡೆ. 1779ರಲ್ಲಿ ಜಾರ್ಜ್ ವಾಷಿಂಗ್ಟನ್ ಬ್ರಿಟಿಷರ ಕಡೆಯವರ ಊರುಗಳನ್ನು ನಿರ್ನಾಮ ಮಾಡಲು ಜನರಲ್ ಸಲಿವನ್ನನನ್ನು ಕಳಿಸಿದ. ಬೆಳೆದು ನಿಂತ ಪೈರನ್ನೂ ಬಿಡಬಾರದೆಂಬುದು ಆಜ್ಞೆ. ಸುಮಾರು 40 ಊರುಗಳು ಸುಟ್ಟುಹೋದವು. ತಾವು ಕಡಿದು ಹಾಕಿದ ಜೋಳ, ಹುರುಳಿ, ಸ್ಕ್ವಾಶ್ ಎಷ್ಟು ಸೊಗಸಾಗಿದ್ದವೆಂದು ಸೈನಿಕರೇ ದಿನಚರಿಗಳಲ್ಲಿ ಬರೆದಿಟ್ಟಿದ್ದಾರೆ. ಹೌಡೆನೊಸೌನಿಗಳ ಭಾಷೆಯಲ್ಲಿ ವಾಷಿಂಗ್ಟನ್ನನಿಗೆ ಇರುವ ಹೆಸರಿನ ಅರ್ಥ, ಊರು ಹಾಳುಮಾಡುವವನು.

ಅಮೆರಿಕನ್ನರ ಪರವಾಗಿ ಹೋರಾಡಿದ ಒನೈಡಾ ಜನರಿಗಾದರೂ ಒಳ್ಳೆಯದಾಯಿತೇ? 1788ರಲ್ಲಿ ಫೋರ್ಟ್ ಸ್ಕೈಲರ್ ಎಂಬ ಕೋಟೆಯಲ್ಲಿ ನಡೆದ ಒಪ್ಪಂದದಲ್ಲಿ ಅವರ 50 ಲಕ್ಷ ಎಕರೆಗೂ ಹೆಚ್ಚಿನ ನೆಲ ನ್ಯೂಯಾರ್ಕ್ ರಾಜ್ಯದ ಕೈಸೇರಿತು. ಆ ಕೋಟೆಯಿದ್ದ ಜಾಗ ಈಗ ರೋಮ್ ಎಂಬ ಊರು.

ನನ್ನ ಒಟಿಜಿಯ ತಟ್ಟೆಯಲ್ಲಿ ಕಾಯಿಯೂ ಚೀಸೂ ಒಂದಾದ ಕಥೆಗೆ ಈ ರೋಮ್ ಊರು ಬೇಕೇ ಬೇಕು. ಯುರೋಪಿನವರು ಬರುವ ಮೊದಲು ಉತ್ತರ ಅಮೆರಿಕದಲ್ಲಿ ಕರೆಯುವ ಹಸುವೇ ಇರಲಿಲ್ಲ, ಹಾಲಿಲ್ಲ, ಚೀಸಿಲ್ಲ. ಕೊಲಂಬಸ್ 1493ರ ಎರಡನೆಯ ಯಾನದಲ್ಲಿ ಕೆರಿಬಿಯನ್ನಿಗೆ ದನ ತಂದ. ಆಮೇಲೆ ಇಂಗ್ಲಿಷ್ ವಸಾಹತುಗಳಿಗೆ ಅಲ್ಲಿನ ದನವೂ ಚೆಡ್ಡಾರ್ ಚೀಸು ಮಾಡುವ ಕೈಗಳೂ ಬಂದವು. ಬಹುಕಾಲ ಚೀಸು ಮಾಡುವುದು ರೈತರ ಮನೆಯ ಹೆಂಗಸರ ಕೆಲಸವಾಗಿತ್ತು. 1851ರಲ್ಲಿ ಜೆಸ್ಸಿ ವಿಲಿಯಮ್ಸ್ ಎಂಬ ರೈತ ನೆರೆಹೊರೆಯ ಹಾಲನ್ನೆಲ್ಲ ಒಂದೆಡೆ ಸೇರಿಸಿ ಅಮೆರಿಕದ ಮೊದಲ ಚೀಸ್ ಕಾರ್ಖಾನೆ ತೆರೆದ. ಎಲ್ಲಿ? ಇದೇ ರೋಮ್ ಊರಿನಲ್ಲಿ, ಒನೈಡಾ ಜನರು ನೆಲ ಕಳೆದುಕೊಂಡು ಅರವತ್ತಮೂರು ವರ್ಷ ಕಳೆದಿದ್ದಾಗ. ಕೆಲವೇ ವರ್ಷಗಳಲ್ಲಿ ಆ ರಾಜ್ಯದಲ್ಲಿ ನೂರಾರು ಕಾರ್ಖಾನೆಗಳಾದವು, ಚೀಸು ಸಾಮಾನ್ಯರ ಮನೆಯ ವಸ್ತುವಾಯಿತು. ಮೂರು ಅಕ್ಕತಂಗಿಯರು ಬೆಳೆಯುತ್ತಿದ್ದ ನೆಲ ಹಸುಗಳ ಹುಲ್ಲುಗಾವಲಾಯಿತು ಎಂಬುದನ್ನು ಚೀಸಿನ ಪೊಟ್ಟಣದ ಮೇಲೆ ಯಾರೂ ಬರೆಯುವುದಿಲ್ಲ.

ಬೀಜವೂ ಹೀಗೆಯೇ ಕೈ ಬದಲಾಯಿಸಿತು. 1807ರಲ್ಲಿ ತಿಮೋತಿ ಮ್ಯಾಟ್ಲ್ಯಾಕ್ ಎಂಬಾತ ಥಾಮಸ್ ಜೆಫರ್ಸನ್ನನಿಗೆ ಕತ್ತು ಬಾಗಿದ ಸ್ಕ್ವಾಶಿನ ಬೀಜ ಕಳಿಸುತ್ತಾ, ನ್ಯೂಜೆರ್ಸಿಯ ಕೂಪರ್ ಎಂಬ ಕುಟುಂಬ ಇದನ್ನು ಸುಮಾರು ನೂರು ವರ್ಷದಿಂದ ಕಾಪಾಡಿಕೊಂಡು ಬಂದಿದೆ ಎಂದು ತಿಳಿಸಿದ್ದ. ನೂರು ವರ್ಷ ಕಾಪಾಡಿದವರ ಹೆಸರು ಉಳಿಯಿತು, ಅದಕ್ಕೂ ಹಿಂದಿನ ಸಾವಿರಾರು ವರ್ಷ ಕಾಪಾಡಿದವರದು ಉಳಿಯಲಿಲ್ಲ.

ಬೇರೆಯವರ ತಪ್ಪು ಎಣಿಸುವ ಮುಂಚೆ ನಮ್ಮದನ್ನೂ ನೋಡಿಕೊಳ್ಳಬೇಕು. ಅಮೆರಿಕದಿಂದ ಬಂದ ಕುಂಬಳಕ್ಕೆ ನಾವು ನಮ್ಮ ಹಳೆಯ ಬೂದುಗುಂಬಳದ ಹೆಸರನ್ನೇ ಉಡಿಸಿ ಸಿಹಿಗುಂಬಳ ಎಂದೆವು. ನಮ್ಮೂರಲ್ಲಿ ಅದು ಚೀನಿಕಾಯಿ, ಚೀನಾಕ್ಕೂ ಅದಕ್ಕೂ ಸಂಬಂಧವಿಲ್ಲದಿದ್ದರೂ. ಮೆಕ್ಸಿಕೋದ ನಾವಾಟ್ಲ್ ಭಾಷೆಯ 'ಚಾಯೋಟ್ಲಿ' ನಮ್ಮಲ್ಲಿ ಸೀಮೆಬದನೆಯಾಯಿತು. ಇವೆಲ್ಲ ಚೆಂದದ ಹೆಸರುಗಳೇ, ಬಂದದ್ದನ್ನು ಮನೆಯದಾಗಿಸಿಕೊಳ್ಳುವ ಗುಣ ಅವುಗಳಲ್ಲಿದೆ. ಆದರೆ ಬೆಳೆಸಿದವರ ಗುರುತು ಮಾತ್ರ ಅವುಗಳಲ್ಲಿ ಇಷ್ಟೂ ಇಲ್ಲ. ಇಂಗ್ಲಿಷು ಬಾಲವನ್ನಾದರೂ ಇಟ್ಟುಕೊಂಡಿದೆ.

*

ಈಗ ಅಡುಗೆ. ಅರ್ಧ ಕೆಜಿ ಎಳೆಯ ಛಪ್ಪನ್ ಕದ್ದು ಅಥವಾ ಜುಕಿನಿ ತನ್ನಿ, ಉಗುರು ಊರಿದರೆ ಸಲೀಸಾಗಿ ಇಳಿಯಬೇಕು. ಒಂದು ಚೂರು ಬಾಯಿಗೆ ಹಾಕಿ ನೋಡಿ. ಕಹಿಯಿದ್ದರೆ ಯೋಚಿಸದೆ ಎಸೆಯಿರಿ, ಆ ಕಹಿ ಹೊಟ್ಟೆಗೆ ಒಳ್ಳೆಯದಲ್ಲ. ಸಿಪ್ಪೆ ತೆಗೆಯಬೇಡಿ. ಅರ್ಧ ಸೆಂಟಿಮೀಟರ್ ದಪ್ಪದ ಬಿಲ್ಲೆ ಹೆಚ್ಚಿ, ಉಪ್ಪು ಸವರಿ ಇಪ್ಪತ್ತು ನಿಮಿಷ ಬಿಡಿ. ನನ್ನ ಮೊದಲ ಪ್ರಯತ್ನ ಕೆಟ್ಟದ್ದು ಇಲ್ಲೇ. ಈ ಕಾಯಿಯಲ್ಲಿ ಶೇಕಡಾ 95ರಷ್ಟು ನೀರು. ಹಾಗಲಕಾಯಿಗೆ ಉಪ್ಪು ಹಾಕಿ ಹಿಂಡುವ ಬುದ್ಧಿ ನನಗೆ ಇಲ್ಲಿ ಹೊಳೆದಿರಲಿಲ್ಲ. ನೀರು ಬಿಟ್ಟಮೇಲೆ ಬಟ್ಟೆಯಲ್ಲಿ ಒತ್ತಿ ಒರೆಸಿ, ಒಂದು ಚಮಚ ಎಣ್ಣೆ, ಕುಟ್ಟಿದ ಮೆಣಸು, ಜಜ್ಜಿದ ಒಂದೆರಡು ಎಸಳು ಬೆಳ್ಳುಳ್ಳಿ ಸೇರಿಸಿ ತಟ್ಟೆಯಲ್ಲಿ ಹರಡಿ. 200 ಡಿಗ್ರಿಯಲ್ಲಿ ಹದಿನೈದು ನಿಮಿಷ. ಆಮೇಲೆ ಚೀಸು ತುರಿದು, ಮೇಲೆ ಹೊಂಬಣ್ಣ ಬರುವ ತನಕ ಇನ್ನೈದಾರು ನಿಮಿಷ.

ನಾನು ಹಾಕುವುದು ಮಾಮೂಲಿ ಅಮುಲ್ ಚೀಸು. ಕಾಯಿಸಿ ಕಲಸಿ, ಬೇಗ ಕೆಡದಂತೆ ಮಾಡುವ ಇಂಥ ಸಂಸ್ಕರಿಸಿದ ಚೀಸಿಗೆ ಜೇಮ್ಸ್ ಕ್ರಾಫ್ಟ್ ಎಂಬಾತ 1916ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದಿದ್ದ. ಅದು ಮೊಜರೆಲ್ಲಾದ ಹಾಗೆ ನೂಲುನೂಲಾಗುವುದಿಲ್ಲ, ಆದರೆ ತಟ್ಟೆಯ ಅಂಚಿನಲ್ಲಿ ಗರಿಗರಿಯಾಗಿ ತಳ ಹಿಡಿಯುತ್ತದೆ. ಫ್ರೆಂಚರು ಇಂಥ ತಿನಿಸನ್ನು ಗ್ರಾಟಿನ್ ಎನ್ನುವುದು ಈ ಕೆರೆದು ತೆಗೆಯುವ ಭಾಗದಿಂದಲೇ. ತುಪ್ಪ ಕಾಸಿದ ಪಾತ್ರೆಯ ತಳ ಕೆರೆದು ತಿಂದು ಬೆಳೆದವರಿಗೆ ಆ ರುಚಿ ಹೊಸದೇನಲ್ಲ. ನಮ್ಮನೆಯಲ್ಲಿ ಇದು ಪಲ್ಯದ ಜಾಗದಲ್ಲಿ ಕೂರುತ್ತದೆ, ಅನ್ನ ಸಾರಿನ ಪಕ್ಕ.

ಕೊನೆಯದಾಗಿ ಇನ್ನೊಂದು ಸಂಗತಿ. ನಾರಗಾನ್ಸೆಟ್ ಭಾಷೆಗೆ ತೀರಾ ಹತ್ತಿರದ ವಾಂಪನೋಗ್ ಭಾಷೆಯನ್ನು ನೂರಕ್ಕೂ ಹೆಚ್ಚು ವರ್ಷ ಯಾರೂ ಆಡಿರಲಿಲ್ಲ. ಆ ಸಮುದಾಯದ ಜೆಸ್ಸಿ ಲಿಟಲ್ ಡೋ ಬೇರ್ಡ್ ಎಂಬ ಹೆಣ್ಣುಮಗಳು 1993ರಲ್ಲಿ ಅದನ್ನು ಮತ್ತೆ ಎಬ್ಬಿಸುವ ಕೆಲಸಕ್ಕೆ ತೊಡಗಿದರು. 1663ರಲ್ಲಿ ಅಚ್ಚಾದ ಬೈಬಲ್ ಅನುವಾದ, ಹಳೆಯ ಭೂದಾಖಲೆ, ಕಾಗದಪತ್ರಗಳಿಂದ ವ್ಯಾಕರಣ ಕಟ್ಟಿದರು, ನಿಘಂಟು ಮಾಡಿದರು. ತಮ್ಮ ಮಗಳಿಗೆ ಹುಟ್ಟಿನಿಂದಲೇ ಆ ಭಾಷೆ ಕಲಿಸಿದರು. ತಲೆಮಾರುಗಳ ನಂತರ ಅದನ್ನು ತಾಯ್ನುಡಿಯಾಗಿ ಪಡೆದ ಮೊದಲ ಮಗು ಅದು.

ಅವರ ಬಳಿ ಮಾತನಾಡುವ ಅಜ್ಜಿಯರಿರಲಿಲ್ಲ. ನನ್ನ ಮಗಳಿಗೆ ಫೋನಿನ ಆ ಕಡೆ ಅಜ್ಜಿಯಿದ್ದಾರೆ, ನಾನು ಈ ಕಡೆಯಿದ್ದೇನೆ, ಕಲಿಸಲು ಯಾವ ದಾಖಲೆಯನ್ನೂ ಅಗೆಯಬೇಕಿಲ್ಲ. ಆಫೀಸಿನಿಂದ ಬಂದು ಸುಸ್ತಾಗಿದೆ ಎಂದು ಹಿಂದಿಗೆ ಜಾರುವುದನ್ನು ಬಿಟ್ಟರೆ ಸಾಕು. ಹೋದ ಭಾನುವಾರ ಎರಡನೆಯ ಸಲ ಮಾಡಿದಾಗ ಇಬ್ಬರೂ ಸೇರಿ ಕಾಯಿ ಹೆಚ್ಚಿದೆವು. ಎಳೆಯದು ಯಾವುದು, ಬಲಿತದ್ದು ಯಾವುದು ಎಂದು ಅವಳೇ ಉಗುರು ಊರಿ ನೋಡಿ ಬುಟ್ಟಿಯಲ್ಲಿ ಬೇರೆ ಮಾಡಿದಳು. ಆಮೇಲೆ ಅಜ್ಜಿಗೆ ಕರೆ ಮಾಡಿ, ತಡವರಿಸುತ್ತಾ, "ಅಜ್ಜೀ, ಇದು ಎಳೇ ಕಾಯಿ. ಅದ್ಕೇ ಸಿಪ್ಪೆ ತೆಗೀಲಿಲ್ಲ" ಎಂದಳು.

ಅತ್ತ ಕಡೆಯಿಂದ ಅಮ್ಮ ಕೇಳಿದರು: "ಉಪ್ಪು ಸರಿ ಆಯ್ತನೇ ಪುಟ್ಟಿ?"